ಬೀವರ್ ವಿಮಾನಕ್ಕೆ ಯಾಕಿಷ್ಟು ಬೆಲೆ?

1967ರಲ್ಲಿ ತಯಾರಿಕೆ ನಿಂತುಹೋದ ವಿಮಾನ ಅದು. ಒಂದೇ ಎಂಜಿನ್. ಪೈಲಟ್ ಸೇರಿ ಏಳೆಂಟು ಜನ ಒತ್ತಿಕೊಂಡು ಕೂರಬಹುದು. ವೇಗ ಗಂಟೆಗೆ 170-180 ಕಿಲೋಮೀಟರ್, ಅಂದರೆ ನಮ್ಮ ವಂದೇ ಭಾರತ್ ರೈಲು ಮನಸ್ಸು ಮಾಡಿದರೆ ಜೊತೆಯಲ್ಲೇ ಓಡಬಹುದು. ಒಳಗೆ ಹೆಡ್‌ಸೆಟ್ ಇಲ್ಲದೆ ಪಕ್ಕದವರ ಮಾತು ಕೇಳಿಸಲ್ಲ. ಇಷ್ಟಾದರೂ ಒಳ್ಳೇ ಸ್ಥಿತಿಯಲ್ಲಿರೋ ಒಂದು ಡಿ ಹ್ಯಾವಿಲೆಂಡ್ ಬೀವರ್ ಫ್ಲೋಟ್ ಸಮೇತ ಬೇಕು ಅಂದರೆ, ಐದು ಲಕ್ಷ ಡಾಲರ್ ಕೈಯಲ್ಲಿ ಇಟ್ಟುಕೊಂಡೇ ಮಾತು ಶುರು ಮಾಡಬೇಕು. ನಮ್ಮ ದುಡ್ಡಲ್ಲಿ ನಾಲ್ಕು ಕೋಟಿಗೂ ಮೇಲೆ.

ಹಳೇ ಆರ್‌ಎಕ್ಸ್ 100ಗೆ ಹೊಸ ಬೈಕಿನ ರೇಟು ಹೇಳುವವರನ್ನು ನೋಡಿರುವ ನಮಗೆ ಇದೇನು ವಿಶೇಷ ಅನ್ನಿಸಬಹುದು. ಆದರೆ ಆರ್‌ಎಕ್ಸ್ 100 ಕೊಳ್ಳೋದು ಶೋಕಿಗೆ. ಬೀವರ್ ಕೊಳ್ಳುವವರು ಬಹಳಷ್ಟು ಸಲ ಅದನ್ನು ದುಡಿಸೋಕೇ ಕೊಳ್ತಾರೆ. ಅಲಾಸ್ಕಾದಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ, ಒಂಟಾರಿಯೋ ಮತ್ತು ಕ್ವಿಬೆಕ್‌ನ ಉತ್ತರದ ಕಾಡುಗಳಲ್ಲಿ ಇದು ಇವತ್ತಿಗೂ ಟಪಾಲು, ದಿನಸಿ, ಮೀನು ಹಿಡಿಯೋಕೆ ಬಂದ ಟೂರಿಸ್ಟು ಎಲ್ಲವನ್ನೂ ಹೊರುವ ಗಾಡಿ. ಅಜ್ಜನ ವಯಸ್ಸಿನ ವಿಮಾನ ಡ್ಯೂಟಿ ಬಿಟ್ಟಿಲ್ಲ, ಬೆಲೆ ಮಾತ್ರ ಏರ್ತಾನೇ ಇದೆ. ಹೀಗೆ ಯಾಕಾಯ್ತು ಅನ್ನೋದರಲ್ಲಿ ನಮ್ಮ ಮೂರ್ನಾಲ್ಕು ಸೆಮಿಸ್ಟರ್‌ಗಳ ಪಾಠ ಅಡಗಿದೆ.

ಕೆರೆಯೇ ರನ್‌ವೇ

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಎರಡು ಜಾತಿ. ವಿಮಾನದ ಹೊಟ್ಟೆಯನ್ನೇ ದೋಣಿಯ ಆಕಾರದಲ್ಲಿ ಕಟ್ಟಿದ್ದರೆ ಅದು ಫ್ಲೈಯಿಂಗ್ ಬೋಟ್. ಮಾಮೂಲಿ ವಿಮಾನದ ಚಕ್ರ ತೆಗೆದು, ಕೆಳಗೆ ಎರಡು ಉದ್ದನೆಯ ದೋಣಿಯಂಥ ಫ್ಲೋಟ್ ಜೋಡಿಸಿದ್ದರೆ ಅದು ಫ್ಲೋಟ್‌ಪ್ಲೇನ್. ಮೊದಲನೇ ಜಾತಿಯನ್ನು ಬೆಂಗಳೂರು ನೋಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ವಿಮಾನಗಳು ಎಚ್‌ಎಎಲ್‌ಗೆ ರಿಪೇರಿಗೆ ಬರುವಾಗ ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಈಗ ನೊರೆಯಿಂದ ಸುದ್ದಿಯಾಗುವ ಅದೇ ಬೆಳ್ಳಂದೂರು.

ಬೀವರ್ ಎರಡನೇ ಜಾತಿ. ಕೆನಡಾದ ಒಂಟಾರಿಯೋ ಒಂದು ಪ್ರಾಂತ್ಯದಲ್ಲೇ ಸುಮಾರು ಎರಡೂವರೆ ಲಕ್ಷ ಸರೋವರ ಇವೆ ಅಂತ ಲೆಕ್ಕ. ಅಲಾಸ್ಕಾದ ರಾಜಧಾನಿ ಜೂನೋಗೆ ಇವತ್ತಿಗೂ ಹೊರಗಿನಿಂದ ರಸ್ತೆ ಇಲ್ಲ, ಹಡಗಲ್ಲಿ ಬರಬೇಕು ಇಲ್ಲವೇ ಹಾರಿ ಬರಬೇಕು. ಇಂಥ ಕಡೆ ಕಾಡು ಕಡಿದು ರನ್‌ವೇ ಮಾಡೋದಕ್ಕಿಂತ, ಪ್ರಕೃತಿ ಕೊಟ್ಟ ನೀರಿನ ಮೇಲೇ ಇಳಿಯೋದು ಬುದ್ಧಿವಂತಿಕೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಅದೇ ವಿಮಾನಕ್ಕೆ ಫ್ಲೋಟ್ ಬಿಚ್ಚಿ ಸ್ಕೀ ಹಾಕ್ತಾರೆ. ಈ ಕಾಡುಮೇಡಿನ ಹಾರಾಟಕ್ಕೇ ಅಲ್ಲಿ ಬುಷ್ ಫ್ಲೈಯಿಂಗ್ ಅಂತ ಹೆಸರು.

ಯುದ್ಧ ಮುಗಿದ ಮೇಲೆ ಟೊರಾಂಟೋದ ಡೌನ್ಸ್‌ವ್ಯೂನಲ್ಲಿದ್ದ ಡಿ ಹ್ಯಾವಿಲೆಂಡ್ ಕೆನಡಾ ಕಂಪನಿಗೆ ಕೆಲಸ ಬೇಕಿತ್ತು. ಅಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದ ಪಂಚ್ ಡಿಕಿನ್ಸ್ ತಾನೇ ಹೆಸರುವಾಸಿ ಬುಷ್ ಪೈಲಟ್. ಆತ ಮಾಡಿದ ಕೆಲಸ ಈಗಿನ ಸ್ಟಾರ್ಟಪ್‌ನವರು ಕಲಿಯಬೇಕಾದ್ದು: ಡಿಸೈನ್ ಶುರುವಾಗುವ ಮೊದಲೇ ಕಾಡಲ್ಲಿ ಹಾರುವ ಪೈಲಟ್‌ಗಳನ್ನ, ವಿಮಾನ ಓಡಿಸೋ ಮಾಲೀಕರನ್ನ ನಿಮಗೆ ಏನು ಬೇಕು ಅಂತ ಕೇಳಿದ್ದು. ವೇಗ ಯಾರಿಗೂ ಮುಖ್ಯ ಆಗಿರಲಿಲ್ಲ. ನಾಯಿ ಎಳೆಯುವ ಗಾಡಿಗಿಂತ ಬೇಗ ಹೋದರೆ ಸಾಕು ಅಂತ ಒಬ್ಬರು ಹೇಳಿದರಂತೆ. ಬೇಕಾಗಿದ್ದದ್ದು ಚಿಕ್ಕ ಜಾಗದಿಂದ ಮೇಲೇಳುವ ಶಕ್ತಿ, ಲೋಹದ ಮೈ, ಸಾಮಾನು ತುಂಬೋಕೆ ಅನುಕೂಲ.

ಅದರ ಫಲ ಬೀವರ್‌ನ ಮೈಯಲ್ಲೆಲ್ಲಾ ಕಾಣುತ್ತೆ. ಬಾಗಿಲು 200 ಲೀಟರ್ ಡ್ರಮ್ಮನ್ನ ಉರುಳಿಸಿ ಒಳಗೆ ತಳ್ಳುವಷ್ಟು ಅಗಲ. ಬಾಗಿಲು ಎರಡೂ ಕಡೆ ಇದೆ, ಯಾಕಂದ್ರೆ ಜಟ್ಟಿ ಯಾವ ಕಡೆ ಸಿಗುತ್ತೋ ಗೊತ್ತಿಲ್ಲ. ಪೆಟ್ರೋಲ್ ಟ್ಯಾಂಕುಗಳು ರೆಕ್ಕೆಯಲ್ಲಲ್ಲ, ಹೊಟ್ಟೆಯ ಕೆಳಗೆ. ಹಿಮ ಬಿದ್ದು ಜಾರುವ ರೆಕ್ಕೆ ಹತ್ತಬೇಕಿಲ್ಲ, ಫ್ಲೋಟ್ ಮೇಲೆ ನಿಂತೇ ತುಂಬಿಸಬಹುದು. ಎಂಜಿನ್ ಆಯಿಲ್ ಹಾಕುವ ಬಾಯಿ ಪೈಲಟ್ ಕೂರುವ ಜಾಗದ ಒಳಗೇ ಇದೆ. ಹಾರ್ತಾ ಇರುವಾಗಲೇ ಮುಚ್ಚಳ ತೆಗೆದು ಆಯಿಲ್ ಸುರಿಯಬಹುದು! ಫ್ಲ್ಯಾಪ್ ಇಳಿಸಿದಾಗ ಏಲಿರಾನ್‌ಗಳೂ ಜೊತೆಗೆ ಸ್ವಲ್ಪ ಕೆಳಗೆ ಬಾಗ್ತವೆ. ಹೀಗೆ ರೆಕ್ಕೆಯ ಇಡೀ ಹಿಂಬದಿ ಲಿಫ್ಟ್ ಕೊಡುತ್ತೆ, ಕಡಿಮೆ ವೇಗದಲ್ಲೇ ವಿಮಾನ ಏಳುತ್ತೆ.

1947ರ ಆಗಸ್ಟ್ 16ರಂದು, ನಮ್ಮ ಸ್ವಾತಂತ್ರ್ಯದ ಮಾರನೇ ದಿನ, ರಸ್ ಬ್ಯಾನಕ್ ಮೊದಲ ಬೀವರನ್ನು ಹಾರಿಸಿದರು. ಅದರ ಮೂಗಲ್ಲಿದ್ದ ಎಂಜಿನ್ ಮೊದಲ ಯೋಜನೆಯದ್ದಲ್ಲ. ಬ್ರಿಟಿಷ್ ಮಾತೃಸಂಸ್ಥೆಯ ಜಿಪ್ಸಿ ಎಂಜಿನ್ ಹಾಕಬೇಕು ಅಂತ ಇತ್ತು, ಅದರ ಶಕ್ತಿ ಸಾಲುವಂತಿರಲಿಲ್ಲ. ಯುದ್ಧ ಮುಗಿದು ಪ್ರ್ಯಾಟ್ ಅಂಡ್ ವಿಟ್ನಿಯ 450 ಎಚ್‌ಪಿ ವಾಸ್ಪ್ ಜೂನಿಯರ್ ಎಂಜಿನ್‌ಗಳು ರಾಶಿ ರಾಶಿ ಉಳಿದಿದ್ದವು, ಅಗ್ಗವಾಗಿ ಸಿಕ್ಕವು. ಅಂದು ಅಗ್ಗ ಅಂತ ಹಾಕಿದ ಅದೇ ಎಂಜಿನ್ ಇಂದು ಮಾಲೀಕರ ಜೇಬಿಗೆ ದೊಡ್ಡ ಕತ್ತರಿ. ಆ ಕಥೆಗೆ ಆಮೇಲೆ ಬರೋಣ.

4580ರ ಲೆಕ್ಕ

ಬೀವರ್‌ಗೆ ಸಾಮಾನ್ಯವಾಗಿ ಹಾಕುವ ಎಡೋ ಕಂಪನಿಯ ಫ್ಲೋಟ್‌ನ ನಂಬರ್ 4580. ಇದು ಸುಮ್ಮನೆ ಮಾಡೆಲ್ ನಂಬರ್ ಅಲ್ಲ. ಒಂದು ಫ್ಲೋಟನ್ನ ಪೂರ್ತಿ ಮುಳುಗಿಸಿದರೆ ಅದು ಪಕ್ಕಕ್ಕೆ ತಳ್ಳುವ ಸಿಹಿನೀರಿನ ತೂಕ 4580 ಪೌಂಡ್, ಅಂದರೆ ಸುಮಾರು 2077 ಕೆಜಿ. ಆರ್ಕಿಮಿಡೀಸ್ ಪ್ರಕಾರ ಅಷ್ಟೇ ತೂಕವನ್ನು ಅದು ಎತ್ತಿ ಹಿಡಿಯುತ್ತೆ. ಎರಡಕ್ಕೆ 9160 ಪೌಂಡ್. ನಿಯಮ ಏನಂದ್ರೆ, ಫ್ಲೋಟುಗಳು ವಿಮಾನದ ಗರಿಷ್ಠ ತೂಕವನ್ನು ತೇಲಿಸಲು ಬೇಕಾದ್ದಕ್ಕಿಂತ 80 ಪರ್ಸೆಂಟ್ ಹೆಚ್ಚು ತೇಲಬೇಕು. ಈಗ 9160ನ್ನು 1.8ರಿಂದ ಭಾಗಿಸಿ. 5089 ಬರುತ್ತೆ. ಫ್ಲೋಟ್ ಮೇಲಿನ ಬೀವರ್‌ಗೆ ಅನುಮತಿ ಇರುವ ಗರಿಷ್ಠ ತೂಕ 5090 ಪೌಂಡ್! ಚಕ್ರದ ಬೀವರ್‌ಗೆ 5100. ಆ ಹತ್ತು ಪೌಂಡ್ ಎಲ್ಲಿ ಹೋಯ್ತು ಅನ್ನೋ ಪ್ರಶ್ನೆಗೆ ಉತ್ತರ ಈ ಭಾಗಾಕಾರದಲ್ಲಿದೆ. ನನಗಂತೂ ಇಡೀ ವಿಷಯದಲ್ಲಿ ತುಂಬಾ ಖುಷಿ ಕೊಟ್ಟ ಲೆಕ್ಕ ಇದು.

ಫ್ಲೋಟ್ ಒಳಗೆ ಒಂದಕ್ಕೊಂದು ನೀರು ಹರಿಯದ ಹಾಗೆ ಗೋಡೆ ಕಟ್ಟಿದ ಕೋಣೆಗಳಿರುತ್ತವೆ. ಒಂದು ತೂತಾದರೂ ಉಳಿದವು ತೇಲಿಸಬೇಕು. ರಿವೆಟ್ ಸಂದುಗಳಿಂದ ಸ್ವಲ್ಪ ಸ್ವಲ್ಪ ನೀರು ಒಳಗೆ ಹೋಗಿಯೇ ಹೋಗುತ್ತೆ. ಅದಕ್ಕೇ ಬೆಳಿಗ್ಗೆ ಪೈಲಟ್‌ನ ಮೊದಲ ಕೆಲಸ ಕೈಪಂಪು ಹಿಡಿದು ಒಂದೊಂದು ಕೋಣೆಯ ನೀರು ಹೊರಗೆ ಹಾಕೋದು. ಒಂದು ಫ್ಲೋಟಿನಲ್ಲಿ ಜಾಸ್ತಿ ನೀರು ಬಂದರೆ ಇವತ್ತು ಯಾವ ಸಂದು ಬಿಟ್ಟಿದೆ ಅಂತಾನೂ ಅಲ್ಲೇ ಗೊತ್ತಾಗುತ್ತೆ.

ಫ್ಲೋಟ್‌ನ ತಳ ನೋಡಿ. ಸರಿಸುಮಾರು ಮಧ್ಯದಲ್ಲಿ ಒಂದು ಮೆಟ್ಟಿಲು ಕತ್ತರಿಸಿದ ಹಾಗಿರುತ್ತೆ. ಇದು ಯಾಕೆ? ವಿಮಾನ ನಿಧಾನಕ್ಕೆ ಹೋಗುವಾಗ ಅದೊಂದು ದೋಣಿ, ತೂಕ ಹೊರೋದು ತೇಲುವ ಬಲ. ವೇಗ ಹೆಚ್ಚಿದ ಹಾಗೆ ಮುಂದೆ ನೀರಿನ ಗುಡ್ಡೆ ಏಳುತ್ತೆ, ಎಳೆತ ವಿಪರೀತ ಏರುತ್ತೆ, ಮೂಗು ಮೇಲಕ್ಕೆ ಹೋಗುತ್ತೆ. ಈ ಗುಡ್ಡೆ ಹತ್ತಿ ದಾಟಿದರೆ ಫ್ಲೋಟ್ ನೀರಿನ ಮೇಲೆ ಜಾರೋಕೆ ಶುರು ಮಾಡುತ್ತೆ, ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸೋ ಹಾಗೆ. ಆದರೆ ಬಾಗಿದ ತಳಕ್ಕೆ ನೀರು ಅಂಟಿಕೊಂಡು ಹಿಂದಕ್ಕೆ ಹೀರುತ್ತೆ. ಮೆಟ್ಟಿಲಿದ್ದರೆ ನೀರು ಅಲ್ಲಿ ತಳವನ್ನು ಬಿಟ್ಟು ದೂರ ಸರಿಯುತ್ತೆ, ಹಿಂದಿನ ಅರ್ಧಕ್ಕೆ ಗಾಳಿ ನುಗ್ಗುತ್ತೆ, ಹೀರಿಕೆ ಕಡಿದುಹೋಗುತ್ತೆ. ಫ್ಲೋಯಿಡ್ ಮೆಕ್ಯಾನಿಕ್ಸ್‌ನಲ್ಲಿ ಫ್ಲೋ ಸೆಪರೇಷನ್ ಅಂದ್ರೆ ತಪ್ಪಿಸಬೇಕಾದ ಪೀಡೆ ಅಂತ ಓದಿರ್ತೀವಿ. ಇಲ್ಲಿ ಬೇಕು ಅಂತಾನೇ ಮಾಡಿಸ್ತಾರೆ.

ಇದರಿಂದ ಒಂದು ವಿಚಿತ್ರ. ಕನ್ನಡಿಯಂತೆ ನಿಂತ ನೀರು ನೋಡೋಕೆ ಚೆಂದ, ಪೈಲಟ್‌ಗೆ ತಲೆನೋವು. ಅಲೆ ಇಲ್ಲದ ನೀರು ಫ್ಲೋಟನ್ನ ಬಿಡೋಕೆ ಒಪ್ಪಲ್ಲ. ಆಗ ಏಲಿರಾನ್ ತಿರುಗಿಸಿ ಮೊದಲು ಒಂದು ಫ್ಲೋಟನ್ನ ಮಾತ್ರ ಎತ್ತಿ, ಎಳೆತ ಕಡಿಮೆ ಮಾಡಿಕೊಂಡು ಆಮೇಲೆ ಇನ್ನೊಂದನ್ನ ಎತ್ತುತ್ತಾರೆ. ಇಳಿಯುವಾಗ ಇನ್ನೂ ಕಷ್ಟ, ನೀರಿನ ಮೇಲ್ಮೈ ಎಷ್ಟು ಕೆಳಗಿದೆ ಅಂತ ಕಣ್ಣಿಗೆ ಗೊತ್ತೇ ಆಗಲ್ಲ. ಬ್ರೇಕಂತೂ ಇಲ್ಲ. ಎಂಜಿನ್ ಸ್ಟಾರ್ಟ್ ಆದ ಕ್ಷಣ ವಿಮಾನ ಹೊರಟಿತು ಅಂತಲೇ ಅರ್ಥ.

ಒಂಬತ್ತು ಸಿಲಿಂಡರ್, ಹದಿನಾರು ಲೀಟರ್

ಈಗ ಎಂಜಿನ್. ವಾಸ್ಪ್ ಜೂನಿಯರ್‌ನ ತಾಂತ್ರಿಕ ಹೆಸರು ಆರ್-985. ಆರ್ ಅಂದರೆ ರೇಡಿಯಲ್, 985 ಅಂದರೆ ಘನ ಇಂಚುಗಳಲ್ಲಿ ಅದರ ಗಾತ್ರ, ಸುಮಾರು 16.1 ಲೀಟರ್. ಶಕ್ತಿ 450 ಎಚ್‌ಪಿ, ಅಂದರೆ ಲೀಟರ್‌ಗೆ 28. ಹಾಸ್ಟೆಲ್ ಮುಂದೆ ನಿಂತಿರೋ 200 ಸಿಸಿ ಬೈಕುಗಳೇ ಲೀಟರ್‌ಗೆ 100ಕ್ಕೂ ಮೇಲೆ ಕೊಡ್ತವೆ. ಹಾಗಾದ್ರೆ ಇದು ದಡ್ಡ ಎಂಜಿನ್ನಾ? ಅಲ್ಲ. ಬೈಕ್ ಎಂಜಿನ್ ಆ ಶಕ್ತಿ ಕೊಡೋದು ಹತ್ತು ಸಾವಿರ ಆರ್‌ಪಿಎಂ ಹತ್ತಿರ. ಇದು 2300ರಲ್ಲಿ ಕೊಡುತ್ತೆ, ಗೇರ್‌ಬಾಕ್ಸ್ ಇಲ್ಲದೆ ನೇರವಾಗಿ ಪ್ರೊಪೆಲರ್‌ಗೆ. ಪ್ರೊಪೆಲರ್ ವ್ಯಾಸ ಸುಮಾರು 2.6 ಮೀಟರ್. ಪೈ ಗುಣಿಸು 2.6, ಗುಣಿಸು ಸೆಕೆಂಡಿಗೆ 38.3 ಸುತ್ತು: ತುದಿಯ ವೇಗ ಸೆಕೆಂಡಿಗೆ 313 ಮೀಟರ್. ಶಬ್ದದ ವೇಗ 340ರ ಸುತ್ತಮುತ್ತ. ಬೀವರ್ ಟೇಕಾಫ್ ಆಗುವಾಗ ಬರುವ ಆ ಕಿವಿ ಕಚ್ಚುವ ಗರ್ಜನೆಗೆ ಕಾರಣ ಎಂಜಿನ್‌ಗಿಂತ ಹೆಚ್ಚಾಗಿ ಈ ತುದಿಗಳು. ಸರೋವರದ ದಡದಲ್ಲಿ ಮನೆ ಇರುವವರು ದೂರು ಕೊಡೋದೂ ಅದಕ್ಕೇ, ಹಳೇ ವಿಮಾನದ ಅಭಿಮಾನಿಗಳು ಕಿವಿಗೊಟ್ಟು ನಿಲ್ಲೋದೂ ಅದಕ್ಕೇ.

ಸಿಲಿಂಡರ್ ಒಂಬತ್ತೇ ಯಾಕೆ, ಎಂಟೋ ಹತ್ತೋ ಯಾಕಲ್ಲ? ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ ಪ್ರತಿ ಸಿಲಿಂಡರ್ ಸಿಡಿಯಬೇಕು. ವೃತ್ತದಲ್ಲಿ ಒಂದು ಬಿಟ್ಟು ಒಂದು ಸಿಡಿಸುತ್ತಾ ಹೋದರೆ ಬೆಸ ಸಂಖ್ಯೆಯಲ್ಲಿ ಮಾತ್ರ ಎರಡನೇ ಸುತ್ತಲ್ಲಿ ಉಳಿದವು ಸರಿಯಾಗಿ ಸಿಗ್ತವೆ: 1, 3, 5, 7, 9, ಆಮೇಲೆ 2, 4, 6, 8. ಕಾಗದದ ಮೇಲೆ ಎಂಟು ಚುಕ್ಕೆ ಇಟ್ಟು ಪ್ರಯತ್ನಿಸಿ, ಆಗಲ್ಲ.

ತೊಂದರೆ ಇರೋದು ಕೆಳಗಿನ ಸಿಲಿಂಡರ್‌ಗಳಲ್ಲಿ. ಅವು ತಲೆಕೆಳಗಾಗಿವೆ. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆಯಿಲ್ ಇಳಿದು ಅಲ್ಲಿ ಸೇರಿಕೊಳ್ಳುತ್ತೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಒತ್ತೋದು ಗಾಳಿಯನ್ನಲ್ಲ, ಒತ್ತಿದರೆ ಕುಗ್ಗದ ದ್ರವವನ್ನ. ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತೆ. ಅದಕ್ಕೇ ಸ್ಟಾರ್ಟ್ ಮಾಡುವ ಮುಂಚೆ ಪ್ರೊಪೆಲರನ್ನ ಕೈಯಿಂದ ಹಲವು ಸಲ ತಿರುಗಿಸ್ತಾರೆ. ಎಲ್ಲಾದರೂ ಬಿಗಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಬಸಿಯಬೇಕು. ಆತುರದ ಹುಡುಗ ಒಬ್ಬ ಇದನ್ನ ಮರೆತರೆ ಮಾಲೀಕನಿಗೆ ಒಂದು ಓವರ್‌ಹಾಲ್ ಖರ್ಚು.

ಖರ್ಚು ಎಲ್ಲಿಂದ ಬರುತ್ತೆ

ಆರ್-985 ಎಂಜಿನ್ ಒಟ್ಟು 39 ಸಾವಿರ ತಯಾರಾದವು. ಕೊನೆಯದು ಹೊರಬಂದಿದ್ದು 1953ರಲ್ಲಿ. ಅಂದರೆ ಇವತ್ತು ಹಾರುತ್ತಿರುವ ಪ್ರತಿ ವಾಸ್ಪ್ ಜೂನಿಯರ್‌ಗೂ 70 ದಾಟಿದೆ. ಬೀವರ್ ಒಟ್ಟು ತಯಾರಾದದ್ದು 1600ಕ್ಕೂ ಸ್ವಲ್ಪ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಂಡದ್ದು ಅಮೆರಿಕದ ಸೇನೆ. ಸೇನೆ ಅವನ್ನ ಕೈಬಿಟ್ಟಾಗ ಸಿಯಾಟಲ್ ಹತ್ತಿರದ ಕೆನ್‌ಮೋರ್ ಏರ್‌ನಂಥ ಕಂಪನಿಗಳು ಕೊಂಡು, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿ ಹಾರಿಸಿದವು. ಬಹಳ ವರ್ಷ ಬೀವರ್ ಬೆಲೆ ಕೈಗೆಟುಕುವಂತಿದ್ದದ್ದಕ್ಕೆ ಈ ಸೇನೆಯ ಮಾಲು ದೊಡ್ಡ ಕಾರಣ. ಆ ರಾಶಿ ಮುಗಿಯಿತು. ಈಗ ಪ್ರತಿ ಅಪಘಾತ ಒಟ್ಟು ಸಂಖ್ಯೆಯಿಂದ ಒಂದನ್ನು ಕಳೆಯುತ್ತೆ, ಕೂಡಿಸುವವರು ಯಾರೂ ಇಲ್ಲ. ಸರೋವರದ ತಳದಿಂದ ಎತ್ತಿದ ಅವಶೇಷದಿಂದಲೂ ಬೀವರ್ ಮತ್ತೆ ಕಟ್ಟಿದ್ದುಂಟು. ಎಷ್ಟು ಭಾಗ ಬದಲಾದರೂ ನಂಬರ್ ಕೆತ್ತಿದ ತಗಡು ಹಳೇದಾಗಿದ್ದರೆ ಸರಿ, ಕಾಗದದಲ್ಲಿ ಅದು ಅದೇ ವಿಮಾನ.

ಬಿಡಿಭಾಗದ ಪರಿಸ್ಥಿತಿ ಅಷ್ಟು ಕೆಟ್ಟದಲ್ಲ. ಕೆನಡಾದ ವಿಕ್ಟೋರಿಯಾದಲ್ಲಿದ್ದ ವೈಕಿಂಗ್ ಏರ್ 2006ರಲ್ಲಿ ಡಿ ಹ್ಯಾವಿಲೆಂಡ್‌ನ ಹಳೇ ವಿಮಾನಗಳ ಟೈಪ್ ಸರ್ಟಿಫಿಕೇಟುಗಳನ್ನು ಕೊಂಡಿತು, ಭಾಗಗಳನ್ನು ಹೊಸದಾಗಿ ಮಾಡಿ ಮಾರತೊಡಗಿತು. ಆದರೆ ಒಬ್ಬರೇ ಮಾಡುವ, ವರ್ಷಕ್ಕೆ ಕೆಲವೇ ಮಾರಾಟವಾಗುವ ಭಾಗಕ್ಕೆ ಯಾವ ರೇಟು ಇರುತ್ತೆ ಅಂತ ಊಹಿಸಬಹುದು. ಎಂಜಿನ್ ಓವರ್‌ಹಾಲ್ ಮಾಡುವವರು ಬೆರಳೆಣಿಕೆ. ರೇಡಿಯಲ್ ಎಂಜಿನ್ ಸದ್ದು ಕೇಳಿಯೇ ಎಲ್ಲಿ ತೊಂದರೆ ಅಂತ ಹೇಳುವ ಮೆಕ್ಯಾನಿಕ್‌ಗಳಿಗೆ ವಯಸ್ಸಾಯಿತು, ಕಲಿಯುವ ಹೊಸಬರು ಜೆಟ್ ಕಡೆಗೆ ಹೋಗ್ತಾರೆ.

ಇದರ ಮೇಲೆ ಪೆಟ್ರೋಲ್. ಗಂಟೆಗೆ 80-90 ಲೀಟರ್ ಕುಡಿಯುತ್ತೆ. ಕಂಪ್ರೆಷನ್ ರೇಷಿಯೋ ಬರೀ 6:1, ಹೆಚ್ಚಿನ ಆಕ್ಟೇನ್ ಇದಕ್ಕೆ ಬೇಕೇ ಇಲ್ಲ. ಆದರೂ ಪಂಪಿನಲ್ಲಿ ಸಾಮಾನ್ಯವಾಗಿ ಸಿಗೋದು ಸೀಸ ಬೆರೆಸಿದ 100 ಆಕ್ಟೇನ್ ಏವ್‌ಗ್ಯಾಸ್ ಮಾತ್ರ, ಅದು ದುಬಾರಿ. ಅಮೆರಿಕದಲ್ಲಿ 2030ರ ಕೊನೆಯೊಳಗೆ ಸೀಸದ ಇಂಧನ ನಿಲ್ಲಿಸುವ ಗುರಿ ಇದೆ. ಉಪ್ಪುನೀರಲ್ಲಿ ಇಳಿಯುವ ವಿಮಾನವಾದರೆ ದಿನಾ ಸಿಹಿನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಒಳಗಿಂದಲೇ ಪುಡಿಯಾಗುತ್ತೆ. ಇನ್ಶೂರೆನ್ಸ್ ಕಂಪನಿಗಳಿಗೆ ಫ್ಲೋಟ್‌ಪ್ಲೇನ್ ಅಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ: ನೀರಲ್ಲಿ ಮಗುಚಿದ ವಿಮಾನ ಬಹುತೇಕ ಪೂರ್ತಿ ನಷ್ಟ.

ಬೀವರ್‌ಗಿಂತ ಚಿಕ್ಕ ವಿಮಾನಗಳದ್ದೂ ಇದೇ ಪಾಡು. ಬುಷ್ ಪೈಲಟ್‌ಗಳ ಇನ್ನೊಂದು ಮೆಚ್ಚಿನ ವಿಮಾನ ಸೆಸ್ನಾ 185ರ ತಯಾರಿಕೆ 1985ರಲ್ಲಿ ನಿಂತಿತು. ಅಪಘಾತವಾದಾಗ ತಯಾರಕರ ಮೇಲೆ ಬೀಳುತ್ತಿದ್ದ ಕೇಸುಗಳಿಂದ ಸೆಸ್ನಾ ಪಿಸ್ಟನ್ ವಿಮಾನಗಳನ್ನೇ ಬಿಟ್ಟುಬಿಟ್ಟಿತ್ತು. 1994ರಲ್ಲಿ ಅಮೆರಿಕದ ಕಾನೂನು ಬದಲಾದ ಮೇಲೆ ಕೆಲವನ್ನು ಮತ್ತೆ ಶುರು ಮಾಡಿತು, 185 ಆ ಪಟ್ಟಿಯಲ್ಲಿರಲಿಲ್ಲ.

ಹಳೇದು ಅಂದ್ರೆ ಅಪಾಯವಾ?

ಇದನ್ನ ಜಾರಿಸಿಬಿಡೋದು ಸರಿಯಲ್ಲ. 2017ರ ಡಿಸೆಂಬರ್ 31ರಂದು ಆಸ್ಟ್ರೇಲಿಯಾದ ಸಿಡ್ನಿ ಹತ್ತಿರ ಒಂದು ಬೀವರ್ ನೀರಿಗೆ ಬಿದ್ದು ಆರೂ ಜನ ತೀರಿಕೊಂಡರು. ತನಿಖೆಯಲ್ಲಿ ಗೊತ್ತಾದದ್ದು: ಎಂಜಿನ್ ಹೊಗೆಕೊಳವೆಯಲ್ಲಿ ಬಿರುಕು, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯ ಮುಚ್ಚಳದಲ್ಲಿ ಕೆಲವು ಬೋಲ್ಟ್ ಇರಲೇ ಇಲ್ಲ. ಆ ತೂತುಗಳಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬಂದು ಪೈಲಟ್‌ನ ಬುದ್ಧಿ ಮಂಕಾಗಿತ್ತು. 2022ರ ಸೆಪ್ಟೆಂಬರ್ 4ರಂದು ಸಿಯಾಟಲ್ ಹತ್ತಿರ ಮ್ಯೂಟಿನಿ ಕೊಲ್ಲಿಯಲ್ಲಿ ಬೀವರ್‌ನ ಅಣ್ಣ, ಅಂದರೆ ಆಟರ್ ವಿಮಾನ ಬಿದ್ದು ಹತ್ತು ಜನ ಸತ್ತರು. ಬಾಲದ ರೆಕ್ಕೆಯ ಕೋನ ಬದಲಿಸುವ ಆಕ್ಚುಯೇಟರ್‌ನ ಒಂದು ನಟ್ ತಿರುಗುತ್ತಾ ಕಳಚಿಕೊಂಡಿತ್ತು, ಅದನ್ನ ಹಿಡಿದಿರಬೇಕಾದ ಲಾಕ್ ರಿಂಗ್ ಜಾಗದಲ್ಲಿರಲಿಲ್ಲ.

ಎರಡರಲ್ಲೂ ರೆಕ್ಕೆ ಮುರಿದದ್ದಲ್ಲ, ಲೋಹ ಮುದಿಯಾದದ್ದಲ್ಲ. ಬೋಲ್ಟು, ರಿಂಗು. ಕೆಲವು ರೂಪಾಯಿಯ ವಸ್ತು. ಹಾಗಂತ ಡಿಸೈನ್ ಪೂರ್ತಿ ನಿರ್ದೋಷಿ ಅಂತಲೂ ಅಲ್ಲ. ಬೀವರ್ ಹುಟ್ಟಿದಾಗ ಸ್ಟಾಲ್ ಎಚ್ಚರಿಕೆ ಕೊಡುವ ಸಾಧನ ಅದರಲ್ಲಿರಲಿಲ್ಲ. 2015ರಲ್ಲಿ ಕ್ವಿಬೆಕ್‌ನಲ್ಲಿ ಕಡಿಮೆ ಎತ್ತರದಲ್ಲಿ ತಿರುಗುವಾಗ ಒಂದು ಬೀವರ್ ಸ್ಟಾಲ್ ಆಗಿ ಆರು ಜನ ಸತ್ತ ಮೇಲೆ, ವಾಣಿಜ್ಯ ಬಳಕೆಯ ಎಲ್ಲ ಬೀವರ್‌ಗಳಿಗೂ ಅದನ್ನು ಕಡ್ಡಾಯ ಮಾಡಿ ಅಂತ ಕೆನಡಾದ ತನಿಖಾ ಮಂಡಳಿ ಶಿಫಾರಸು ಮಾಡಿತು. ಇಂಥ ಒಂದೊಂದು ತನಿಖೆಯೂ ಒಂದೊಂದು ಹೊಸ ತಪಾಸಣೆ, ಹೊಸ ಸಾಧನ, ಹೊಸ ಬಿಲ್ಲು ತರುತ್ತೆ. ಬೆಲೆ ಏರಿಕೆಯ ಈ ಭಾಗವನ್ನು ದೂರೋಕೆ ನನಗೆ ಮನಸ್ಸಿಲ್ಲ.

ಎಂಜಿನ್ ಬದಲಿಸಿದರೆ?

ಡಿ ಹ್ಯಾವಿಲೆಂಡ್ 1963ರಲ್ಲೇ ಬೀವರ್‌ಗೆ ಪಿಟಿ6 ಟರ್ಬೈನ್ ಹಾಕಿ ನೋಡಿತ್ತು, 60 ವಿಮಾನ ಮಾಡಿತು. ವಾಸ್ಪ್ ಜೂನಿಯರ್ ಒಣ ತೂಕ ಸುಮಾರು 290 ಕೆಜಿ, ಪಿಟಿ6 ಅದರ ಅರ್ಧಕ್ಕಿಂತ ಕಡಿಮೆ. ಮೂಗು ಹಗುರಾದರೆ ಗುರುತ್ವ ಕೇಂದ್ರ ಹಿಂದಕ್ಕೆ ಜರುಗುತ್ತೆ. ಆದ್ದರಿಂದ ಎಂಜಿನ್ನನ್ನ ಇನ್ನೂ ಮುಂದೆ ಇಡಬೇಕಾಯ್ತು, ಟರ್ಬೋ ಬೀವರ್‌ಗೆ ಉದ್ದ ಮೂಗು ಬಂತು. ಫಸ್ಟ್ ಇಯರ್‌ನ ಮೊಮೆಂಟ್ ಲೆಕ್ಕ, ಅಷ್ಟೇ. ಟರ್ಬೈನ್ ನಂಬಿಕಸ್ಥ, ಅದರ ಇಂಧನ ಎಲ್ಲಾ ಕಡೆ ಸಿಗುತ್ತೆ. ಆದರೆ ಎಂಜಿನ್ ಬೆಲೆ ಕೇಳಿದರೆ ಚಿಕ್ಕ ಮಾಲೀಕ ಹಿಂದೆ ಸರಿಯುತ್ತಾನೆ. ಸೆಸ್ನಾ ಕ್ಯಾರವಾನ್, ಕೋಡಿಯಾಕ್ ಥರದ ಹೊಸ ವಿಮಾನ ಫ್ಲೋಟ್ ಸಮೇತ ಕೊಳ್ಳಬೇಕಾದರೆ ಬೀವರ್‌ನ ಹಲವು ಪಟ್ಟು ದುಡ್ಡು.

ವ್ಯಾಂಕೂವರ್‌ನ ಹಾರ್ಬರ್ ಏರ್ ಕಂಪನಿ 2019ರ ಡಿಸೆಂಬರ್ 10ರಂದು ಬೀವರ್‌ಗೆ ಮ್ಯಾಗ್ನಿಎಕ್ಸ್ ಕಂಪನಿಯ ವಿದ್ಯುತ್ ಮೋಟಾರ್ ಹಾಕಿ ಹಾರಿಸಿತು. 2022ರಲ್ಲಿ 72 ಕಿಲೋಮೀಟರನ್ನ 24 ನಿಮಿಷದಲ್ಲಿ ಹಾರಿತು. ಸುದ್ದಿ ಓದಿದಾಗ ರೋಮಾಂಚನ ಆಗುತ್ತೆ, ಆದರೆ ಒಂದು ಹಾಳೆ ತಗೊಂಡು ಲೆಕ್ಕ ಮಾಡಿ. ಹಾರಾಟಕ್ಕೆ 300 ಎಚ್‌ಪಿ ಬೇಕು ಅಂತಿಟ್ಟುಕೊಂಡರೆ 225 ಕಿಲೋವ್ಯಾಟ್. ಒಂದು ಗಂಟೆಗೆ 225 ಯೂನಿಟ್. ಬ್ಯಾಟರಿ ಪ್ಯಾಕ್ ಕೆಜಿಗೆ 200 ವ್ಯಾಟ್-ಅವರ್ ಕೊಟ್ಟರೆ 1100 ಕೆಜಿ ಮೇಲೆ ಬ್ಯಾಟರಿ. ಅದೇ ಒಂದು ಗಂಟೆಗೆ ಪೆಟ್ರೋಲ್ 60 ಕೆಜಿ ಸಾಕು. ಫ್ಲೋಟ್ ಬೀವರ್‌ನ ಖಾಲಿ ತೂಕ ಸುಮಾರು 1500 ಕೆಜಿ, ಗರಿಷ್ಠ ತೂಕ 2309 ಕೆಜಿ. ಉಳಿಯೋದು 800. ಮೋಟಾರ್ ಹಗುರ ಅಂತ ಇನ್ನೊಂದು 150 ಸೇರಿಸಿ. ಆದರೂ ಬ್ಯಾಟರಿಗೇ ಜಾಗ ಸಾಲಲ್ಲ, ಪೈಲಟ್ ಜಟ್ಟಿಯಲ್ಲೇ ನಿಲ್ಲಬೇಕು. ಹಾರ್ಬರ್ ಏರ್‌ನ ಎಷ್ಟೋ ಟ್ರಿಪ್‌ಗಳು ಅರ್ಧ ಗಂಟೆಯ ಒಳಗಿನವು, ಹಾಗಾಗಿ ಅವರಿಗೆ ಈ ಪ್ರಯತ್ನದಲ್ಲಿ ಅರ್ಥ ಇದೆ. ಉತ್ತರ ಕ್ವಿಬೆಕ್‌ನ ಮೀನಿನ ಕ್ಯಾಂಪಿಗೆ ಅಕ್ಕಿ ಹೊರುವವನಿಗೆ ಸದ್ಯಕ್ಕಿಲ್ಲ.

ನಮ್ಮ ದೇಶಕ್ಕೂ ಈ ಮನೆತನದ ಪರಿಚಯ ಇದೆ. ವಾಯುಪಡೆಯ 41ನೇ ಸ್ಕ್ವಾಡ್ರನ್ ಆಟರ್ ವಿಮಾನಗಳನ್ನು ಹಾರಿಸುತ್ತಿತ್ತು, ಅದರ ಹೆಸರೇ ಆಟರ್ಸ್. ಅದಾದ ಮೇಲೆ ಬಂದ ಎರಡು ಎಂಜಿನ್‌ನ ಟ್ವಿನ್ ಆಟರ್ ಮಾಲ್ಡೀವ್ಸ್ ದ್ವೀಪಗಳ ನಡುವೆ ಆಟೋರಿಕ್ಷಾದಂತೆ ಓಡಾಡುತ್ತೆ. 2020ರ ಅಕ್ಟೋಬರ್ 31ರಂದು ಅಹಮದಾಬಾದ್‌ನ ಸಾಬರಮತಿಯಿಂದ ಏಕತಾ ಪ್ರತಿಮೆಯ ಕೆವಾಡಿಯಾಕ್ಕೆ ಶುರುವಾದ ಸೇವೆಗೆ ಬಂದದ್ದು ಅಲ್ಲಿಂದಲೇ ತಂದ ಟ್ವಿನ್ ಆಟರ್. ಸರ್ವಿಸ್‌ಗೆ ಮತ್ತೆ ಮಾಲ್ಡೀವ್ಸ್‌ಗೇ ಹೋಗಬೇಕಿತ್ತು. 2021ರ ಏಪ್ರಿಲ್‌ನಲ್ಲಿ ಸೇವೆ ನಿಂತಿತು, ಖರ್ಚು ಜಾಸ್ತಿ ಅನ್ನೋದೇ ಆಮೇಲೆ ಗುಜರಾತ್ ಸರ್ಕಾರ ಕೊಟ್ಟ ಕಾರಣ. 2024ರ ನವೆಂಬರ್‌ನಲ್ಲಿ ಡಿ ಹ್ಯಾವಿಲೆಂಡ್ ಕಂಪನಿಯ ಟ್ವಿನ್ ಆಟರ್ ಒಂದು ವಿಜಯವಾಡದಿಂದ ಶ್ರೀಶೈಲಕ್ಕೆ, ಕೊಚ್ಚಿಯಿಂದ ಮುನ್ನಾರ್ ಹತ್ತಿರದ ಮಾಟ್ಟುಪೆಟ್ಟಿ ಅಣೆಕಟ್ಟಿಗೆ ಪ್ರದರ್ಶನ ಹಾರಾಟ ಮಾಡಿ ಹೋಯಿತು. ನಮ್ಮ ಹಿನ್ನೀರುಗಳಲ್ಲೂ ಇಂಥದ್ದು ಇಳಿಯಬೇಕು ಅಂತ ಕೇಳುವವರು ಟಿಕೆಟ್ ದರದ ಜೊತೆಗೆ, ಅದನ್ನ ತೊಳೆಯುವವರು, ಫ್ಲೋಟ್ ಸಂದು ಮುಚ್ಚುವವರು, ಬೋಲ್ಟ್ ಎಣಿಸುವವರು ಎಲ್ಲಿರ್ತಾರೆ ಅಂತಲೂ ಕೇಳಬೇಕು.